ಹಡಗಿಂದ ಇಳಿಸಿದ ಕುರಿಗೆ ಏನಾಗಿದೆ? ಲಕ್ಷಣ ನೋಡಿ ಕಾಯಿಲೆ ಹಿಡಿಯೋ ಕೈಪಿಡಿ

ಕಾಲ 1850ರ ದಶಕ ಅಂತ ಇಟ್ಕೊಳ್ಳಿ, ಜಾಗ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಲಿಟಲ್ಟನ್ ಬಂದರು. ಸಿಡ್ನಿಯಿಂದ ಮೆರಿನೊ ಅನ್ನೋ ನಯವಾದ ಉಣ್ಣೆಯ ತಳಿಯ ಕುರಿ ತುಂಬ್ಕೊಂಡು ಒಂದು ಹಾಯಿಹಡಗು ಬಂದು ನಿಂತಿದೆ. ಗಾಳಿ ಸರಿಯಾಗಿದ್ರೆ ಎರಡು ವಾರದೊಳಗಿನ ದಾರಿ, ಗಾಳಿ ಕೈಕೊಟ್ರೆ ಲೆಕ್ಕ ಇಲ್ಲ. ಕುರಿ ನಿಮ್ದು, ಅದಕ್ಕೆ ಮಾಡಿದ ಸಾಲನೂ ನಿಮ್ದೇ. ಇಳಿಸಿದ ಮೇಲೆ ಮಂದೇಲಿ ಒಂದು ಕುರಿ ಯಾಕೋ ಸರಿಯಿಲ್ಲ ಅನ್ಸತ್ತೆ. ಈಗೇನ್ ಮಾಡೋದು?

ವಸಾಹತು ಕಾಲದ ಪಶುರೋಗದ ಇತಿಹಾಸ ಹುಡುಕಿದ್ರೆ ಯಾವ ವರ್ಷ ಯಾವ ಕಾಯ್ದೆ ಬಂತು ಅನ್ನೋದೇ ಜಾಸ್ತಿ ಸಿಗತ್ತೆ, ಆದ್ರೆ ಕುರಿ ಸಾಕಿದವನ ಕಣ್ಣಿಗೆ ಬೀಳ್ತಿದ್ದಿದ್ದು ಬೇಲಿ ಕಂಬಕ್ಕೆ ಮೈ ಉಜ್ಜೋ ಕುರಿ, ಕುಂಟೋ ಕುರಿ, ಬೆಳಗ್ಗೆ ಎದ್ದು ನೋಡಿದ್ರೆ ಹೊಟ್ಟೆ ಉಬ್ಬಿ ಸತ್ತು ಬಿದ್ದಿರೋ ಕುರಿ. ಅದಕ್ಕೇ ಇದನ್ನ ಲಕ್ಷಣದಿಂದ ಶುರು ಮಾಡಿ ಬರ್ದಿದೀನಿ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಅವತ್ತಿನವರಿಗೆ ಗೊತ್ತಿರದೇ ನಮಗೆ ಈಗ ಗೊತ್ತಿರೋ ಕಾರಣಗಳನ್ನೂ ಜೊತೇಲೇ ಸೇರ್ಸಿದೀನಿ. ನಮಗೆ ಇದೇನು ಪೂರ್ತಿ ದೂರದ ಕಥೆನೂ ಅಲ್ಲ ಬಿಡಿ, ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ (1834ರಿಂದ 1861) ಆಸ್ಟ್ರೇಲಿಯಾದಿಂದ ಮೆರಿನೊ ಟಗರು ತರಿಸಿ ನಮ್ಮ ಕುರಿಗಳ ಜೊತೆ ತಳಿ ಕೂಡಿಸೋ ಪ್ರಯತ್ನ ನಡೆದಿತ್ತು, ಅವೂ ಸಮುದ್ರ ದಾಟಿಯೇ ಬಂದಿದ್ದು.

ಎಲ್ಲಕ್ಕಿಂತ ಮೊದಲು: ಇಳಿಸೋಕ್ ಮುಂಚೆ ಡೆಕ್ ಮೇಲೇ ನೋಡಿ

ಇದಕ್ಕೆ ದುಡ್ಡೂ ಬೇಡ, ಔಷಧಿನೂ ಬೇಡ, ಆದ್ರೂ ಜನ ಬಿಟ್ಟುಬಿಡೋದು ಇದನ್ನೇ. ಹಡಗಲ್ಲಿರೋವರೆಗೂ ಕುರಿ ಒಂದೇ ಕಡೆ ಕಟ್ಟಿಹಾಕಿದ ಹಾಗೆ ಇರತ್ತೆ, ಒಂದೊಂದನ್ನೂ ಹಿಡಿದು ನೋಡ್ಬಹುದು, ಒಂದ್ಸಲ ಬೆಟ್ಟದ ಬಯಲಿಗೆ ಬಿಟ್ರೆ ವಾಪಸ್ ಒಟ್ಟು ಮಾಡೋಕೇ ವಾರಗಟ್ಟಲೆ ಹಿಡಿಯತ್ತೆ. ಹತ್ತಿಸಿದಾಗ ಎಷ್ಟಿತ್ತು, ಈಗ ಎಷ್ಟಿದೆ, ಸತ್ತಿದ್ದು ಎಷ್ಟು, ಹೇಗೆ ಸತ್ವು ಅಂತ ಹಡಗಿನವರನ್ನ ಕೇಳಿ. ಕೆಳಗಿನ ಹೋಲ್ಡ್‌ನಲ್ಲಿದ್ದ (ಸರಕು ತುಂಬೋ ಒಳಕೋಣೆ) ಕುರಿ ಜಾಸ್ತಿ ಸತ್ತು ಮೇಲಿನ ಡೆಕ್‌ನಲ್ಲಿದ್ದಿದ್ದು ಉಳ್ಕೊಂಡಿದ್ರೆ ಅದು ಬಹುತೇಕ ಗಾಳಿ ಇಲ್ಲದ್ದು, ಸೆಕೆ, ಮೂತ್ರದ ಘಾಟು ಇದ್ರ ಕೆಲಸ. ಬಿರುಗಾಳಿ ಬಂದಾಗ ಮೇಲಿನ ಬಾಗಿಲು ಮುಚ್ಚಿಬಿಟ್ರೆ ಒಳಗಿರೋ ಕುರಿ ಉಸಿರುಕಟ್ಟಿ ಸಾಯತ್ತೆ, ಅದು ಅಂಟುರೋಗ ಅಲ್ಲ. ಎರಡೂ ಕಡೆ ಸಮನಾಗಿ, ಒಂದೇ ಥರದ ಲಕ್ಷಣ ತೋರಿಸಿ ಸತ್ತಿದ್ರೆ ಮಾತ್ರ ಹುಷಾರಾಗಿ.

ದಾರೀಲಿ ಕುರಿ ಸಾಯೋದು ಆ ಕಾಲಕ್ಕೆ ಹೊಸದೇನಲ್ಲ. 1797ರಲ್ಲಿ ಸಿಡ್ನಿಗೆ ಮೊದಲ ಮೆರಿನೊ ಕುರಿ ಬಂದಿದ್ದು ಆಫ್ರಿಕಾದ ಕೇಪ್‌ನಿಂದ, ಕರ್ನಲ್ ಗಾರ್ಡನ್ ಅನ್ನೋ ಅಧಿಕಾರಿ ತೀರ್ಕೊಂಡ ಮೇಲೆ ಅವನ ಹೆಂಡತಿ ಮಾರಿದ ಮಂದೆ ಅದು. ಕ್ಯಾಪ್ಟನ್ ವಾಟರ್‌ಹೌಸ್ ರಿಲಯನ್ಸ್ ಅನ್ನೋ ಹಡಗಲ್ಲಿ ತಂದಿದ್ದು, ಅದ್ರಲ್ಲೂ ತುಂಬಾ ಕುರಿ ಸಮುದ್ರದಲ್ಲೇ ಹೋದ್ವು. ಉಳಿದ ಸ್ವಲ್ಪದಿಂದಲೇ ಒಂದು ದೇಶದ ಉಣ್ಣೆ ವ್ಯಾಪಾರ ಶುರುವಾಯ್ತು ಅನ್ನೋದು ಬೇರೆ ಮಾತು.

ಲಕ್ಷಣ: ಇಳಿದ ಕುರಿ ನಿಲ್ಲೋಕಾಗ್ತಿಲ್ಲ, ಹಸಿರು ಹುಲ್ಲಿದ್ರೂ ಬಾಯಿ ಹಾಕ್ತಿಲ್ಲ

ಮೊದಲು ನೀರು. ಬಾಯೊಳಗೆ ಬೆರಳು ಹಾಕಿ ನೋಡಿ, ಒಣಗಿ ಅಂಟಂಟಾಗಿದ್ಯಾ? ಕಣ್ಣು ಒಳಗೆ ಹೋಗಿದ್ಯಾ? ಹಾಗಿದ್ರೆ ಬಾಯಾರಿಕೆ. ನೀರು ಸ್ವಲ್ಪ ಸ್ವಲ್ಪ ಕೊಡಿ, ಒಂದೇ ಸಲ ಹಳ್ಳಕ್ಕೆ ಬಿಟ್ಟುಬಿಟ್ರೆ ಒಂದ್ರ ಮೇಲೊಂದು ಬಿದ್ದು ತುಳಿದಾಡಿ ಸಾಯ್ತವೆ. ಆಮೇಲೆ ಒಣಹುಲ್ಲು, ಹಡಗಲ್ಲಿ ತಿಂತಿದ್ದಿದ್ದೇ ಇದ್ರೆ ಇನ್ನೂ ಒಳ್ಳೇದು. ಒಂದೆರಡು ದಿನದಲ್ಲಿ ಎದ್ದು ಓಡಾಡಿದ್ರೆ ಅಲ್ಲಿಗೆ ಮುಗೀತು.

ಎದ್ದಿಲ್ಲ ಅಂದ್ರೆ ಹಲ್ಲು ನೋಡಿ. ಇದನ್ನ ನಾನು ಸುಮ್ನೆ ಹೇಳ್ತಿಲ್ಲ, 1773ರಲ್ಲಿ ಕ್ಯಾಪ್ಟನ್ ಕುಕ್ ರೆಸಲ್ಯೂಷನ್ ಹಡಗಲ್ಲಿ ನ್ಯೂಜಿಲೆಂಡಿನ ಡಸ್ಕಿ ಕೊಲ್ಲಿಗೆ ಬಂದಾಗ ಇದೇ ಆಗಿದ್ದು. ಕೇಪ್‌ನಿಂದ ನಾಲ್ಕು ಹೆಣ್ಣು, ಎರಡು ಟಗರು ಹತ್ತಿಸ್ಕೊಂಡಿದ್ದ, ಬರೋ ಹೊತ್ತಿಗೆ ಉಳಿದಿದ್ದು ಒಂದೊಂದು. ಹಸಿರು ಕಂಡ್ರೂ ಅವು ತಿನ್ಲಿಲ್ಲ, ಬಾಯಿ ತೆಗೆದು ನೋಡಿದ್ರೆ ಹಲ್ಲು ಅಲ್ಲಾಡ್ತಿತ್ತು. ನಾವಿಕರಿಗೆ ಬರೋ ಸ್ಕರ್ವಿನೇ ಇದು ಅಂತ ಅವನು ಬರ್ಕೊಂಡ. ಸ್ಕರ್ವಿ ಅಂದ್ರೆ ವಿಟಮಿನ್ ಸಿ ಸಿಗದೇ ಬರೋ ಕಾಯಿಲೆ. ಆದ್ರೆ ಕುರಿ ತನಗೆ ಬೇಕಾದ ವಿಟಮಿನ್ ಸಿ ತಾನೇ ತನ್ನ ಯಕೃತ್ತಲ್ಲಿ ತಯಾರು ಮಾಡ್ಕೊಳತ್ತೆ, ನಮ್ಮ ಹಾಗೆ ಹಣ್ಣಿಗೆ ಕಾಯ್ಬೇಕಿಲ್ಲ, ಹಾಗಾಗಿ ಅದು ನಿಜವಾದ ಸ್ಕರ್ವಿ ಆಗಿರೋ ಸಾಧ್ಯತೆ ಕಡಿಮೆ. ತಿಂಗಳುಗಟ್ಟಲೆ ಚಳಿ, ಒದ್ದೆ, ಕೆಟ್ಟ ಮೇವು ಸೇರಿ ಸೊರಗಿದ್ವು ಅನ್ಬಹುದು. ನೀವು ಮಾಡ್ಬೇಕಾಗಿರೋದು ಇಷ್ಟೇ: ಹಲ್ಲು ಅಲ್ಲಾಡ್ತಿದ್ರೆ ಮೆತ್ತಗಿನ ಮೇವು ಕೊಡಿ, ಬೇರೆ ದೊಡ್ಡೀಲಿ ಇಡಿ, ಮಂದೆಗೆ ಹೆದರ್ಕೋಬೇಡಿ, ಇದು ಒಂದ್ರಿಂದ ಇನ್ನೊಂದಕ್ಕೆ ಹರಡಲ್ಲ.

ಲಕ್ಷಣ: ಮೇಯೋಕೆ ಬಿಟ್ಟ ಸ್ವಲ್ಪ ಹೊತ್ತಲ್ಲೇ ತೂರಾಟ, ನಡುಕ, ಫಿಟ್ಸ್

ಕುಕ್ ಆ ಎರಡು ಕುರೀನ ಹೇಗೋ ಉಳಿಸ್ಕೊಂಡು ಮೇ ತಿಂಗಳಲ್ಲಿ ಕ್ವೀನ್ ಷಾರ್ಲಟ್ ಸೌಂಡ್‌ನಲ್ಲಿ ದಡಕ್ಕೆ ಬಿಟ್ಟ. ಎರಡ್ಮೂರು ದಿನಕ್ಕೆ ಎರಡೂ ಸತ್ತು ಬಿದ್ದಿದ್ವು, ಯಾವುದೋ ವಿಷದ ಗಿಡ ತಿಂದಿರ್ಬೇಕು ಅಂದ್ಕೊಂಡ್ರು. ಯಾವ ಗಿಡ ಅಂತ ಆಗ ಗೊತ್ತಾಗ್ಲಿಲ್ಲ, ಆದ್ರೆ ಆಮೇಲೆ ಬಂದ ವಲಸಿಗರಿಗೆ ಚೆನ್ನಾಗೇ ಗೊತ್ತಾಯ್ತು: ಟುಟು ಅನ್ನೋ ಪೊದೆ. ಅಲ್ಲಿನ ಮೂಲನಿವಾಸಿ ಮಾವೊರಿ ಜನರಿಗೆ ಅದರ ಗುಣ ಮೊದಲಿಂದ್ಲೂ ಗೊತ್ತು, ಹಣ್ಣಿನ ರಸ ಕುಡೀತಿದ್ರು ಆದ್ರೆ ಬೀಜ ಒಂದೂ ಬೀಳದ ಹಾಗೆ ಸೋಸ್ಕೊಂಡು. ಬೀಜ, ಎಲೆ, ಚಿಗುರು ಎಲ್ಲದ್ರಲ್ಲೂ ನರಕ್ಕೆ ಹೊಡೆಯೋ ವಿಷ ಇದೆ.

ಪತ್ತೆ ಹಚ್ಚೋದು ಸುಲಭ. ಬಂದರಿನ ದೊಡ್ಡೀಲಿದ್ದಾಗ ಚೆನ್ನಾಗಿತ್ತಾ? ಪೊದೆ ಇರೋ ಕಡೆ ಬಿಟ್ಟ ಮೇಲೆ ಶುರುವಾಯ್ತಾ? ಹಸಿದ ಕುರಿಗಳೇ ಜಾಸ್ತಿ ಬಿದ್ದಿವ್ಯಾ? ಮೂರಕ್ಕೂ ಹೌದು ಅಂದ್ರೆ ಟುಟುನೇ. ಜ್ವರದ ಕಾಯಿಲೆ ಹೀಗೆ ಗಂಟೆಗಳಲ್ಲಿ ಬರಲ್ಲ. ಒಂದು ಗೊಂದಲ ಇದೆ, ಕಜ್ಜಿ ವಿಪರೀತ ಆದ ಕುರೀನ ಹಿಡಿದು ಕೆರೆದ್ರೂ ಫಿಟ್ಸ್ ಥರ ಆಗತ್ತೆ, ಆದ್ರೆ ಅದ್ರ ಮೈ ನೋಡಿದ್ರೇ ಗೊತ್ತಾಗ್ಬಿಡತ್ತೆ, ತುಪ್ಪಟ ಕಿತ್ತು ಹೋಗಿರತ್ತೆ.

ಬಿದ್ದ ಕುರೀನ ಎಬ್ಬಿಸಿ ಓಡಿಸ್ಬೇಡಿ, ನಾಯಿ ಬಿಡ್ಬೇಡಿ, ಗಲಾಟೆ ಮಾಡಿದಷ್ಟೂ ಫಿಟ್ಸ್ ಜಾಸ್ತಿ ಆಗತ್ತೆ. ಆ ಕಾಲದವರು ಕಿವಿ ಸೀಳಿ ರಕ್ತ ಹರಿಸ್ತಿದ್ರು, ಅದ್ರಿಂದ ಉಪಯೋಗ ಆಗೋ ಯಾವ ಕಾರಣನೂ ನನಗೆ ಕಾಣಲ್ಲ. ಇದಕ್ಕೆ ಇವತ್ತಿಗೂ ಪ್ರತ್ಯೇಕ ವಿಷನಿವಾರಕ ಇಲ್ಲ. ತಡೆಯೋದು ಒಂದೇ ದಾರಿ: ಇಳಿಸಿದ ಕೂಡ್ಲೇ ಹೊಟ್ಟೆ ತುಂಬ ಒಣಹುಲ್ಲು ಹಾಕಿ, ಆಮೇಲೆ ಹೊರಗೆ ಬಿಡಿ.

ಲಕ್ಷಣ: ಮೈ ಉಜ್ಜೋದು, ಕಚ್ಕೊಳ್ಳೋದು, ಉಣ್ಣೆ ಎಳೆಎಳೆಯಾಗಿ ನೇತಾಡೋದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ವಸಾಹತುಗಳನ್ನ ಮಂಡಿಯೂರಿಸಿದ್ದು ಇದೇ, ಕುರಿ ಕಜ್ಜಿ, ಅವರ ಬಾಯಲ್ಲಿ ಸ್ಕ್ಯಾಬ್. ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್‌ನಲ್ಲಿ 1832ರಲ್ಲೇ ಇದಕ್ಕೆ ಕಾಯ್ದೆ ಬಂತು, ನ್ಯೂಜಿಲೆಂಡ್‌ನಲ್ಲಿ 1849ರಲ್ಲಿ. ಅಂದ್ರೆ ವಲಸೆ ಸರಿಯಾಗಿ ಶುರುವಾಗೋ ಹೊತ್ತಿಗೇ ರೋಗನೂ ಬಂದು ಕೂತಿತ್ತು.

ಮೊದಲ ಹಂತ, ದೂರ ನಿಂತು ಸುಮ್ನೆ ನೋಡಿ. ಆರೋಗ್ಯವಾಗಿರೋ ಕುರಿ ಮೇದು ಮಲಗಿ ಮೆಲುಕು ಹಾಕತ್ತೆ. ಕಜ್ಜಿ ಹತ್ತಿದ ಕುರಿಗೆ ನೆಮ್ಮದಿ ಇರಲ್ಲ, ಮೇಯ್ತಾ ಮೇಯ್ತಾ ತಿರುಗಿ ಭುಜ ಕಚ್ಕೊಳತ್ತೆ, ಹಿಂಗಾಲಲ್ಲಿ ಕೆರ್ಕೊಳತ್ತೆ, ಕಂಬ ಕಂಡ್ರೆ ಉಜ್ಜತ್ತೆ. ಆ ಕಂಬದಲ್ಲಿ, ಮುಳ್ಳಿನ ಪೊದೇಲಿ ಉಣ್ಣೆ ಸಿಕ್ಕಾಕೊಂಡಿದ್ಯಾ ನೋಡಿ.

ಎರಡನೇದು, ಹಿಡಿದು ಕೆರೆದು ನೋಡಿ. ಅನುಮಾನ ಇರೋ ಜಾಗಕ್ಕೆ ಬೆರಳಲ್ಲಿ ಉಜ್ಜಿದ್ರೆ ಕುರಿ ಕತ್ತು ತಿರುಗಿಸಿ ತುಟಿ ಪಟಪಟ ಆಡಿಸ್ತಾ ಬಾಯಿ ಚಪ್ಪರಿಸತ್ತೆ. ತುರಿಕೆ ಜೋರಾಗಿದೆ ಅನ್ನೋದಕ್ಕೆ ಇದು ಗುರುತು, ಆದ್ರೆ ಕಜ್ಜಿನೇ ಅಂತ ಇದೊಂದ್ರಿಂದ ಹೇಳೋಕಾಗಲ್ಲ, ಹೇನಿದ್ರೂ ಹೀಗೇ ಮಾಡತ್ತೆ.

ಮೂರನೇದು, ಉಣ್ಣೆ ಬಿಡಿಸಿ ಚರ್ಮ ನೋಡಿ. ಕಂದು ಬಣ್ಣದ, ರೆಕ್ಕೆ ಇಲ್ಲದ, ಕಾಲಿರೋ ದೊಡ್ಡ ಹುಳ ಸರಸರ ಓಡಿದ್ರೆ ಅದು ಕೆಡ್, ರಕ್ತ ಹೀರೋ ನೊಣದ ಜಾತಿ. ಅದು ತೊಂದ್ರೆನೇ, ಆದ್ರೆ ನಿಮ್ಮನ್ನ ದಿವಾಳಿ ಮಾಡೋ ಅಷ್ಟಲ್ಲ. ಸಣ್ಣ ಹೇನು ಕಂಡ್ರೂ ಹಾಗೇ. ಅದೇನೂ ಕಾಣದೆ ಚರ್ಮದ ಮೇಲೆ ಹಳದಿ ಹೊಪ್ಪಳೆ, ಅದ್ರ ಸುತ್ತ ಒದ್ದೆ ಒದ್ದೆ ಕೆಂಪು ಅಂಚು ಇದ್ರೆ ಎದೆ ಗಟ್ಟಿ ಮಾಡ್ಕೊಳ್ಳಿ. ಹೊಪ್ಪಳೆ ನಡುವೆ ಅಲ್ಲ, ಆ ಒದ್ದೆ ಅಂಚಿಂದ ಸ್ವಲ್ಪ ಕೆರೆದು ಕಪ್ಪು ಬಟ್ಟೆ ಮೇಲೆ ಹಾಕಿ ಬಿಸಿಲಲ್ಲಿ ಇಡಿ. ಸ್ವಲ್ಪ ಹೊತ್ತಿಗೆ ಬಿಳಿ ಚುಕ್ಕೆ ಹರಿದಾಡೋಕೆ ಶುರು ಮಾಡಿದ್ರೆ, ಅರ್ಧ ಮಿಲಿಮೀಟರ್‌ಗಿಂತ ಚೂರು ದೊಡ್ಡದು ಅಷ್ಟೇ, ಕಣ್ಣು ಚೆನ್ನಾಗಿರೋರಿಗೆ ಕಾಣತ್ತೆ, ಅದೇ ಸೊರಾಪ್ಟಿಸ್ ನುಸಿ. ಚರ್ಮ ಕೊರೆದು ಒಳಗೆ ಹೋಗಲ್ಲ, ಮೇಲೇ ಕೂತು ಗಾಯ ಮಾಡಿ ಸೋರೋ ರಸ ತಿಂತಾ ಇರತ್ತೆ, ಅದು ಒಣಗಿದ್ದೇ ಹೊಪ್ಪಳೆ.

ಏನೂ ಕಾಣ್ಲಿಲ್ಲ ಅಂದ್ರೂ ಕುರಿ ಚೆನ್ನಾಗಿದೆ ಅಂತ ಸಹಿ ಹಾಕ್ಬೇಡಿ. ನುಸಿ ಹತ್ತಿ ವಾರಗಟ್ಟಲೆ ಹೊರಗೆ ಲಕ್ಷಣನೇ ತೋರ್ಸದೇ ಇರ್ಬಹುದು, ಬೇಸಿಗೇಲಿ ಕಿವಿಯೊಳಗೆ, ತೊಡೆ ಸಂದಿಲಿ, ಕಣ್ಣಿನ ಕೆಳಗಿನ ಗುಳೀಲಿ ಬಚ್ಚಿಟ್ಕೊಂಡು ಚಳಿಗಾಲಕ್ಕೆ ಹೊರಗೆ ಬರತ್ತೆ. ಹಡಗಿಂದ ಇಳಿಸುವಾಗ ಚೆನ್ನಾಗಿದ್ದ ಮಂದೆ ಎರಡು ತಿಂಗಳಿಗೆ ಕಿತ್ತುಹೋದ ಕಂಬಳಿ ಥರ ಆಗೋದು ಹೀಗೆ.

ಕಜ್ಜಿ ಖಾತ್ರಿ ಆಯ್ತು, ಈಗ? ಡಿಪ್ಪಿಂಗ್. ಉಣ್ಣೆ ಕತ್ತರಿಸಿ, ಕತ್ತರಿ ಗಾಯ ಮಾಯೋಕೆ ಸ್ವಲ್ಪ ದಿನ ಬಿಟ್ಟು, ತೊಟ್ಟೀಲಿ ಮುಳುಗಿಸೋದು. ಸುಣ್ಣ, ಗಂಧಕ ಸೇರ್ಸಿ ನೀರಲ್ಲಿ ಕುದಿಸಿದ್ರೆ ಕೆಂಪು ಮಿಶ್ರಿತ ಕಂದು ಬಣ್ಣದ, ಕೊಳೆತ ಮೊಟ್ಟೆ ನಾತದ ದ್ರಾವಣ ಆಗತ್ತೆ, ಒಂದು ಪದ್ಧತಿ ಅದು. ಇನ್ನೊಂದು ಹೊಗೆಸೊಪ್ಪು ಕುದಿಸಿದ ನೀರಿಗೆ ಗಂಧಕ. ಸುಣ್ಣ ಉಣ್ಣೇನ ಒರಟು ಮಾಡತ್ತೆ ಅಂತ ಉಣ್ಣೆ ವ್ಯಾಪಾರಿಗಳು ಗೊಣಗ್ತಿದ್ರು, ಹೊಗೆಸೊಪ್ಪಿಗೆ ದುಡ್ಡು ಜಾಸ್ತಿ ಅಂತ ಕುರಿ ಮಾಲೀಕರು ಗೊಣಗ್ತಿದ್ರು. ಎರಡೂ ಕೆಲಸ ಮಾಡ್ತಿತ್ತು. ದ್ರಾವಣ ಬೆಚ್ಚಗಿರ್ಬೇಕು, ಕೈ ಇಟ್ರೆ ತಡ್ಕೊಳ್ಳೋ ಅಷ್ಟು, ತಲೆನೂ ಸೇರಿ ಮುಳುಗ್ಬೇಕು, ಗಟ್ಟಿ ಹೊಪ್ಪಳೇನ ಮೊದಲೇ ಉಜ್ಜಿ ಒಡೀಬೇಕು, ಇಲ್ಲಾಂದ್ರೆ ಔಷಧಿ ಅದ್ರ ಮೇಲಿಂದ ಜಾರಿ ಹೋಗತ್ತೆ.

ಇನ್ನೊಂದು ಮುಖ್ಯವಾದ ವಿಷಯ: ಒಂದ್ಸಲ ಮುಳುಗಿಸಿದ್ರೆ ನುಸಿ ಸಾಯತ್ತೆ, ಮೊಟ್ಟೆ ಸಾಯಲ್ಲ. ಮೊಟ್ಟೆ ಒಡೆದು ಮರಿ ಬಂದ ಮೇಲೆ, ಆ ಮರಿ ಬೆಳೆದು ಮತ್ತೆ ಮೊಟ್ಟೆ ಇಡೋಕ್ ಮುಂಚೆ, ಎರಡನೇ ಸಲ ಮುಳುಗಿಸ್ಬೇಕು, ಅಂದ್ರೆ ಹತ್ತರಿಂದ ಹದಿನಾಲ್ಕು ದಿನದೊಳಗೆ.

ಲಕ್ಷಣ: ಎರಡು ಸಲ ಡಿಪ್ ಮಾಡಿದ್ರೂ ಕಜ್ಜಿ ವಾಪಸ್ ಬಂತು

ಎಲ್ಲರೂ ಔಷಧೀನೇ ಬೈತಾರೆ. ನನ್ನ ಪ್ರಕಾರ ಔಷಧಿ ಬದಲಾಯಿಸೋದು ಕೊನೇ ಕೆಲಸ ಆಗ್ಬೇಕು. ಮೊದಲು ತಲೆ ಎಣಿಸಿ. ಮಂದೇಲಿ ಸಾವಿರ ಇದ್ದು ತೊಟ್ಟಿಗಿಳಿದಿದ್ದು 996 ಅಂದ್ರೆ ಉಳಿದ ನಾಲ್ಕು ಕುರಿ ಯಾವುದೋ ಕಣಿವೇಲಿ ನುಸಿ ಸಾಕ್ಕೊಂಡು ಕೂತಿರತ್ತೆ, ತಿಂಗಳಾದ ಮೇಲೆ ಬಂದು ಸೇರ್ಕೊಳತ್ತೆ. ಬೇಲಿ ಇಲ್ಲದ ಆ ಬೆಟ್ಟದ ಸೀಮೇಲಿ ಇದೇ ಆಗ್ತಿದ್ದಿದ್ದು. ನ್ಯೂಜಿಲೆಂಡಿನ ನೆಲ್ಸನ್, ಮಾರ್ಲ್‌ಬರೋ ಕಡೆ ಕಾಡುಬಿದ್ದ ಮೆರಿನೊ ಹಿಂಡುಗಳು ಕಡಿದಾದ ಕಣಿವೆಗಳಲ್ಲಿ ಅಡ್ಡಾಡ್ಕೊಂಡಿದ್ವು, ಅವನ್ನ ಹಿಡಿಯೋಕಾಗ್ದೆ ಗುಂಡು ಹಾಕ್ಬೇಕಾಯ್ತು.

ಆಮೇಲೆ ಜಾಗ. ಕುರಿ ಮೈ ಬಿಟ್ಟ ಮೇಲೂ ನುಸಿ ಎರಡು ವಾರಕ್ಕಿಂತ ಸ್ವಲ್ಪ ಜಾಸ್ತಿ ಬದುಕಿದ್ದು ಇನ್ನೊಂದು ಕುರಿಗೆ ಹತ್ಬಹುದು. ಹಾಗಾಗಿ ಡಿಪ್ ಆದ ಕುರೀನ ಹಳೇ ದೊಡ್ಡಿಗೇ ವಾಪಸ್ ಹಾಕಿದ್ರೆ ಮಾಡಿದ ಕೆಲಸ ನೀರುಪಾಲು. ದೊಡ್ಡಿ, ತಡಿಕೆ, ಕಂಬ, ಬಿದ್ದ ಉಣ್ಣೆ ಚೂರು ಸುಟ್ಟು ಅಥವಾ ತೊಳೆದು, ಮೂರು ವಾರ ಖಾಲಿ ಬಿಡಿ. ಕುರಿ ತಂದ ಹಡಗಿನ ಹಲಗೆನೂ ಇದೇ ಲೆಕ್ಕಕ್ಕೆ ಬರತ್ತೆ, ಹಿಂದಿನ ಸಲ ಅದ್ರಲ್ಲಿ ಯಾರ ಕುರಿ ಬಂದಿತ್ತು ಅಂತ ಕೇಳಿ.

ಮೂರನೇದು ಪಕ್ಕದವನು. ಇದು ಹೇಳೋಕೆ ಮುಜುಗರ, ಆದ್ರೂ ಎಷ್ಟೋ ಸಲ ಉತ್ತರ ಅಲ್ಲೇ ಇರತ್ತೆ. ನೀವು ಎರಡು ಡಿಪ್ ಮಾಡಿ, ಅವನು ಒಂದೂ ಮಾಡದೇ ಇದ್ರೆ ನಡುವೆ ಇರೋ ಹಳ್ಳ ರೋಗಾನ ತಡೆಯಲ್ಲ. ಲಿಟಲ್ಟನ್ ಇರೋ ಕ್ಯಾಂಟರ್‌ಬರಿ ಪ್ರಾಂತ್ಯಕ್ಕೂ ಅದ್ರ ಉತ್ತರದ ನೆಲ್ಸನ್ ಪ್ರಾಂತ್ಯಕ್ಕೂ ನಡುವೆ ಹುರುನುಯಿ ನದಿ ಗಡಿ, ಉತ್ತರದ ಕಜ್ಜಿ ಕುರಿ ದಕ್ಷಿಣಕ್ಕೆ ಬರದ ಹಾಗೆ ನೋಡ್ಕೊಳ್ಳೋದೇ ಕ್ಯಾಂಟರ್‌ಬರಿಯವರ ದೊಡ್ಡ ತಲೆನೋವಾಗಿತ್ತು. ದೇಶದಲ್ಲಿ 1858ರಲ್ಲಿ ಸುಮಾರು 15 ಲಕ್ಷ ಇದ್ದ ಕುರಿ 1871ಕ್ಕೆ 97 ಲಕ್ಷ ಆಯ್ತು, ಅಷ್ಟೊಂದು ಕುರಿ ಮಾರಾಟ ಆಗಿ ದಾರಿ ಮೇಲೆ ಓಡಾಡ್ತಿದ್ದಾಗ ಪ್ರಾಂತ್ಯಕ್ಕೊಂದು ನಿಯಮ ಇಟ್ಕೊಂಡು ಎಷ್ಟು ದಿನ ನಡೆಯತ್ತೆ? 1878ರಲ್ಲಿ ಇಡೀ ವಸಾಹತಿಗೆ ಒಂದೇ ಕುರಿ ಕಾಯ್ದೆ, ಕುರಿ ತಪಾಸಣೆಗೆ ಒಂದೇ ಇನ್ಸ್‌ಪೆಕ್ಟರ್ ವ್ಯವಸ್ಥೆ ಬಂತು, ತಂತಿ ಬೇಲಿನೂ ಹರಡಿತ್ತು, 1890ರ ದಶಕದ ಮೊದಲ ಅರ್ಧದಲ್ಲಿ ಕಜ್ಜಿ ಮಾಯ ಆಯ್ತು. ಆಸ್ಟ್ರೇಲಿಯಾದಲ್ಲಿ ಕೊನೇದಾಗಿ ಪಶ್ಚಿಮ ಆಸ್ಟ್ರೇಲಿಯಾ 1896ಕ್ಕೆ ಮುಕ್ತ ಆಯ್ತು. ಗಮನಿಸಿ, ಗಂಧಕ, ಹೊಗೆಸೊಪ್ಪು ಅಷ್ಟೂ ವರ್ಷ ಕೈಯಲ್ಲೇ ಇತ್ತು. ಔಷಧಿ ಇದ್ದೂ ದಶಕಗಟ್ಟಲೆ ಹಿಡೀತು ಅಂದ್ರೆ ಕಾರಣ ತಪ್ಪಿಸ್ಕೊಂಡ ಕುರಿ ಮತ್ತು ತಪ್ಪಿಸ್ಕೊಳ್ಳೋ ಮಾಲೀಕ. ಕೇಪ್ ಕಾಲೊನಿಯಲ್ಲಂತೂ 1894ರ ಸ್ಕ್ಯಾಬ್ ಕಾಯ್ದೆ ವಿರುದ್ಧ ಬೋಯರ್ ರೈತರು (ಡಚ್ ಮೂಲದವರು) ದೊಡ್ಡ ಗಲಾಟೆನೇ ಎಬ್ಬಿಸಿದ್ರು. ನೀರಿಲ್ಲದ ಬರಗಾಲದಲ್ಲಿ ತೊಟ್ಟಿ ತುಂಬಿಸು ಅಂದ್ರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ, ಅವರ ಕಡೆನೂ ನ್ಯಾಯ ಇತ್ತು.

ಲಕ್ಷಣ: ಕುಂಟೋದು, ಮಂಡಿಯೂರಿ ಮೇಯೋದು

ಕಾಲು ಎತ್ತಿ ಗೊರಸಿನ ಸಂದಿ ನೋಡಿ. ಕಲ್ಲು, ಮುಳ್ಳು ಇದ್ರೆ ತೆಗೆದು ಕಳ್ಸಿ. ಗೊರಸು ಬುಡದಿಂದ ಬಿಟ್ಕೊಂಡು, ಮರೆಯೋಕಾಗದ ಕೆಟ್ಟ ವಾಸನೆ ಬರ್ತಿದ್ರೆ ಅದು ಗೊರಸು ಕೊಳೆ ರೋಗ, ಒದ್ದೆ ನೆಲದಲ್ಲಿ ಜಾಸ್ತಿ, ಮೆರಿನೊಗೆ ಇನ್ನೂ ಜಾಸ್ತಿ. ಸಡಿಲ ಆಗಿರೋ ಗೊರಸು ಕೆತ್ತಿ, ಮೈಲುತುತ್ತದ ನೀರಲ್ಲಿ ನಿಲ್ಲಿಸಿ, ಒಣ ಜಾಗಕ್ಕೆ ಹಾಕಿ. ಕೆತ್ತಿದ ಚೂರು ಸುಟ್ಟುಬಿಡಿ, ಒಂದು ಕುರಿಗೆ ಹಾಕಿದ ಚಾಕು ತೊಳೀದೆ ಇನ್ನೊಂದಕ್ಕೆ ಹಾಕ್ಬೇಡಿ. ಈ ಬ್ಯಾಕ್ಟೀರಿಯಾ ಮಣ್ಣಲ್ಲಿ ಬಹಳ ದಿನ ಬದುಕಲ್ಲ, ಎರಡು ವಾರ ಖಾಲಿ ಬಿಟ್ಟ ಹುಲ್ಲುಗಾವಲಿಗೆ ಧೈರ್ಯವಾಗಿ ಬಿಡ್ಬಹುದು.

ಆದ್ರೆ ಒಂದೇ ದಿನಕ್ಕೆ ಹತ್ತಾರು ಕುಂಟೋಕೆ ಶುರು ಮಾಡಿ, ವಾಸನೆ ಇಲ್ಲದೆ, ಬಾಯೊಳಗೂ ಬೊಬ್ಬೆ ಇದ್ದು, ಪಕ್ಕದ ದನಗಳು ಜೊಲ್ಲು ಸುರಿಸ್ತಿದ್ರೆ ಚಾಕು ಕೆಳಗಿಡಿ. ಅದು ಕಾಲುಬಾಯಿ ರೋಗ ಇರ್ಬಹುದು. 1872ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ ಬಂದಿತ್ತು, ಬೇಗ ಹಿಡಿದು ಅಲ್ಲೇ ಮುಗಿಸಿದ್ರು. ಅಲ್ಲಿಂದ ಒಂದು ಕುರಿನೂ ಕದಲಬಾರದು.

ಲಕ್ಷಣ: ಗದ್ದದ ಕೆಳಗೆ ನೀರು ತುಂಬಿದ ಬಾವು, ಸೊರಗೋದು

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಕೆಂಪಿರೋ ಬದ್ಲು ಬಿಳಿಚಿಕೊಂಡಿದ್ರೆ ಮೈಯಲ್ಲಿ ರಕ್ತ ಇಲ್ಲ. ಜೌಗು ನೆಲದಲ್ಲಿ ಮೇಯ್ದ ಕುರಿ ಆದ್ರೆ ಲಿವರ್ ಫ್ಲೂಕ್ ಅನುಮಾನ ಪಡಿ, ಎಲೆ ಆಕಾರದ ಚಪ್ಪಟೆ ಹುಳ, ಸತ್ತ ಕುರಿಯ ಯಕೃತ್ತು ಕೊಯ್ದ್ರೆ ದಪ್ಪ ಆಗಿರೋ ಪಿತ್ತನಾಳದಲ್ಲಿ ಕಾಣತ್ತೆ. (ಕೊಯ್ಯೋಕ್ ಮುಂಚೆ ಕೆಳಗಿನ ಭಾಗ ಓದಿ, ದಯವಿಟ್ಟು.) ಹುಳ ಹಡಗಲ್ಲಿ ಬಂದ ಕುರಿಯ ಹೊಟ್ಟೇಲಿ ಬರತ್ತೆ, ಆದ್ರೆ ನೆಲೆಯೂರ್ಬೇಕಾದ್ರೆ ಅದಕ್ಕೆ ಸರಿಯಾದ ಸಿಹಿನೀರಿನ ಬಸವನಹುಳು ಬೇಕು, ದುರದೃಷ್ಟಕ್ಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡು ಕಡೆನೂ ಅಂಥದ್ದು ಇತ್ತು. ಈ ಬಸವನಹುಳು ಸಂಬಂಧ ಪೂರ್ತಿ ಗೊತ್ತಾಗಿದ್ದು 1880ರ ದಶಕದ ಶುರುವಿನಲ್ಲಿ, ಜರ್ಮನಿಯ ಲ್ಯೂಕಾರ್ಟ್ ಮತ್ತು ಆಕ್ಸ್‌ಫರ್ಡ್‌ನ ತಾಮಸ್ ಬೇರೆ ಬೇರೆಯಾಗಿ ಕಂಡುಹಿಡಿದ್ರು. ಆ ತಾಮಸ್ ಆಮೇಲೆ ಆಕ್ಲೆಂಡ್‌ಗೇ ಪ್ರೊಫೆಸರ್ ಆಗಿ ಹೋದ್ರು. 1850ರಲ್ಲಿ ನಿಮ್ಮ ಕೈಲಿ ಔಷಧಿ ಇಲ್ಲ, ಮಂದೇನ ಒಣ ಎತ್ತರಕ್ಕೆ ಹೊಡ್ಕೊಂಡು ಹೋಗೋದೊಂದೇ.

ಲಕ್ಷಣ: ನಿನ್ನೆ ಚೆನ್ನಾಗಿತ್ತು, ಇವತ್ತು ಸತ್ತಿದೆ, ಮೂಗಲ್ಲಿ ಕಪ್ಪು ರಕ್ತ

ನಿಲ್ಲಿ. ಮುಟ್ಬೇಡಿ, ಕೊಯ್ಬೇಡಿ, ಚರ್ಮ ಸುಲೀಬೇಡಿ, ನಾಯಿಗೆ ಹಾಕ್ಬೇಡಿ.

ಹೊಟ್ಟೆ ಬೇಗ ಉಬ್ಬಿ, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ರೆ ಆಂಥ್ರಾಕ್ಸ್ ಅಂತಲೇ ತಿಳ್ಕೊಳ್ಳಿ, ಇಲ್ಲ ಅಂತ ಸಾಬೀತಾಗೋವರೆಗೂ. ನ್ಯೂ ಸೌತ್ ವೇಲ್ಸ್‌ನಲ್ಲಿ ಇದು 1847ರಲ್ಲಿ ಸಿಡ್ನಿ ಹತ್ರದ ಲೆಪ್ಪಿಂಗ್‌ಟನ್‌ನಲ್ಲಿ ಕಾಣಿಸ್ಕೊಂಡು, ಆ ಜಿಲ್ಲೆ ಹೆಸರಲ್ಲಿ ಕಂಬರ್‌ಲೆಂಡ್ ರೋಗ ಅಂತ ಹೆಸರಾಯ್ತು. ಬಂದಿದ್ದು ಭಾರತದಿಂದ ತರಿಸಿದ ಮೂಳೆಪುಡಿ ಗೊಬ್ಬರದ ಜೊತೆ ಅಂತ ಹೇಳ್ತಾರೆ, ಅಂದ್ರೆ ಕುರೀನ ಎಷ್ಟೇ ಪರೀಕ್ಷೆ ಮಾಡಿ ಇಳಿಸಿದ್ರೂ ಚೀಲದೊಳಗಿಂದ ರೋಗ ಇಳಿದು ಬರತ್ತೆ. ಹೆಣ ಕೊಯ್ದ್ರೆ ರೋಗಾಣು ಗಾಳಿಗೆ ಸಿಕ್ಕಿ ಬೀಜಕ ಆಗತ್ತೆ, ಆ ಬೀಜಕ ಮಣ್ಣಲ್ಲಿ ದಶಕಗಟ್ಟಲೆ ಇರತ್ತೆ, ನಿಮ್ಮ ಮೊಮ್ಮಕ್ಕಳ ಕುರೀನೂ ಕೊಲ್ಲತ್ತೆ. ಮನುಷ್ಯರಿಗೂ ಬರತ್ತೆ. ಬಿದ್ದಲ್ಲೇ ಸುಡಿ, ಇಲ್ಲಾ ಆಳವಾಗಿ ಸುಣ್ಣ ಹಾಕಿ ಹೂಳಿ. ಲಸಿಕೆಗೆ ನೀವಿನ್ನೂ ಕಾಯ್ಬೇಕು: ಪಾಶ್ಚರ್ ಫ್ರಾನ್ಸ್‌ನಲ್ಲಿ ಎಲ್ಲರೆದುರು ತೋರಿಸಿದ್ದು 1881ರಲ್ಲಿ, ಅವರ ಸಂಬಂಧಿ ಆಡ್ರಿಯನ್ ಲುವಾರ್ ನ್ಯೂ ಸೌತ್ ವೇಲ್ಸ್‌ನ ಜುನೀಯಲ್ಲಿ ಕುರಿಗಳ ಮೇಲೆ ತೋರಿಸಿದ್ದು 1888ರಲ್ಲಿ. ಲುವಾರ್ ಅಲ್ಲಿಗೆ ಬಂದಿದ್ದು ಅಸಲಿಗೆ ಮೊಲ ಕೊಲ್ಲೋ ರೋಗಾಣು ತಗೊಂಡು, ಆ ಕೆಲಸ ಆಗ್ಲಿಲ್ಲ, ಇದು ಆಯ್ತು.

ಲಕ್ಷಣ: ಡಿಪ್ ಮಾಡಿದ ಮೇಲೇ ಕುರಿ ಬಿದ್ದು ಸಾಯ್ತಿದೆ

ಬಾಯಾರಿದ ಕುರೀನ ತೊಟ್ಟಿಗೆ ಬಿಟ್ರಾ? ದ್ರಾವಣಾನೇ ಕುಡಿದಿರತ್ತೆ. ಡಿಪ್‌ಗೆ ಮುಂಚೆ ನೀರು ಕುಡಿಸಿ, ಸುಸ್ತಾಗಿದ್ರೆ ವಿಶ್ರಾಂತಿ ಕೊಡಿ. ಸಂಜೆ ಹೊತ್ತು ಮುಳುಗಿಸಿ ಚಳೀಲಿ ಬಿಟ್ರಾ? ಬೆಳಗ್ಗೆ ಮಾಡಿ, ಬಿಸಿಲಲ್ಲಿ ಒಣಗ್ಲಿ. 1852ರಲ್ಲಿ ಇಂಗ್ಲೆಂಡಿನ ವಿಲಿಯಂ ಕೂಪರ್ ಆರ್ಸೆನಿಕ್ ಮತ್ತು ಗಂಧಕದ ಡಿಪ್ ಪುಡಿ ಮಾರೋಕೆ ಶುರು ಮಾಡಿದ, ಕುದಿಸೋ ರಗಳೆ ತಪ್ತು ಅಂತ ಜನಕ್ಕೆ ಖುಷಿ, ಆದ್ರೆ ಆರ್ಸೆನಿಕ್ ಅಂದ್ರೆ ಪಾಷಾಣ. ತೊಟ್ಟಿಕ್ಕೋ ಕುರೀನ ಹುಲ್ಲಿಗೆ ಬಿಟ್ರೆ ಆ ಹುಲ್ಲು ತಿಂದೇ ಸಾಯತ್ತೆ, ಸೋರೋದು ನಿಲ್ಲೋವರೆಗೂ ಹಲಗೆ ದೊಡ್ಡೀಲಿ ನಿಲ್ಲಿಸಿ. ಉಳಿದ ನೀರನ್ನ ಹಳ್ಳಕ್ಕೆ ಚೆಲ್ಬೇಡಿ. ಹೊಗೆಸೊಪ್ಪಿನ ನೀರಲ್ಲಿ ದಿನವಿಡೀ ಕೈಯಾಡ್ಸಿದ ಕೂಲಿಯವರಿಗೆ ತಲೆಸುತ್ತು, ವಾಂತಿ ಬಂದ್ರೆ ಅದು ಬಿಸಿಲಿಂದಲ್ಲ, ನಿಕೋಟಿನ್ ಚರ್ಮದ ಮೂಲಕನೇ ಒಳಗೆ ಹೋಗತ್ತೆ, ಬಟ್ಟೆ ಬಿಚ್ಚಿಸಿ ತೊಳೆಸಿ, ಅವತ್ತಿಗೆ ಕೆಲಸ ಬಿಡಿಸಿ.

ಇನ್ಸ್‌ಪೆಕ್ಟರ್‌ನ ಯಾವಾಗ ಕರೀಬೇಕು

ಹರಿದಾಡೋ ನುಸಿ ಕಂಡ್ರೆ, ಕಾಲು ಬಾಯಿ ಎರಡರಲ್ಲೂ ಬೊಬ್ಬೆ ಕಂಡ್ರೆ, ದಿಢೀರ್ ಸಾವು ಒಂದಕ್ಕಿಂತ ಜಾಸ್ತಿ ಆದ್ರೆ, ಉಣ್ಣೆ ಇಲ್ಲದ ಕಡೆ ಸಿಡುಬಿನ ಗುಳ್ಳೆ ಕಂಡ್ರೆ ಅದೇ ದಿನ. ಕುರಿ ಸಿಡುಬು ಬ್ರಿಟನ್‌ಗೆ 1847ರಲ್ಲಿ ಹೊರಗಿಂದ ತಂದ ಕುರಿ ಜೊತೆಗೇ ಬಂದಿತ್ತು, 1862ರಲ್ಲಿ ವಿಲ್ಟ್‌ಶೈರ್‌ನಲ್ಲಿ ಮತ್ತೆ ಕಾಣಿಸ್ಕೊಂಡಿತು, ಹಾಗಾಗಿ ಅಲ್ಲಿಂದ ಬರೋ ಹಡಗಿಗೆ ಎರಡು ಪಟ್ಟು ಎಚ್ಚರ ಬೇಕು. ಮಾಲೀಕರು ಮುಚ್ಚಿಡ್ತಿದ್ದಿದ್ದು ದಂಡಕ್ಕೆ ಹೆದರಿ, ಮಾರಾಟ ನಿಲ್ಲತ್ತೆ ಅಂತ ಹೆದರಿ, ಅದು ಅರ್ಥ ಆಗತ್ತೆ, ಆದ್ರೆ ಮುಚ್ಚಿಟ್ಟ ಎರಡು ವಾರದಲ್ಲಿ ನುಸಿಯ ಒಂದು ಹೊಸ ತಲೆಮಾರು ತಯಾರಾಗಿರತ್ತೆ. ಆಮೇಲಿನ ವರ್ಷಗಳಲ್ಲಿ ಲಿಟಲ್ಟನ್ ಬಂದರಿನ ಕ್ವೇಲ್ ದ್ವೀಪ, ವೆಲಿಂಗ್ಟನ್ ಬಂದರಿನ ಸೋಮ್ಸ್ ದ್ವೀಪ ಎರಡನ್ನೂ ಹೊರಗಿಂದ ಬಂದ ಪ್ರಾಣಿಗಳನ್ನ ತಡೆದಿಡೋಕೆ ಬಳಸಿದ್ರು, ಸುತ್ತ ಸಮುದ್ರ ಇದ್ರೆ ಬೇಲಿ ಹಾಕೋ ಖರ್ಚೂ ಇಲ್ಲ.

ಇವತ್ತು ಕುರಿ ಸಾಕೋರಿಗೆ ಒಂದು ಮಾತು: ಮೇಲಿರೋ ಡಿಪ್ ಯಾವುದನ್ನೂ ಮನೇಲಿ ಮಾಡೋಕೆ ಹೋಗ್ಬೇಡಿ, ಈಗ ಕಜ್ಜಿಗೆ ಇಂಜೆಕ್ಷನ್ ಇದೆ, ಸಿಡುಬಿಗೆ, ಕಾಲುಬಾಯಿ ರೋಗಕ್ಕೆ, ಆಂಥ್ರಾಕ್ಸ್‌ಗೆ ಲಸಿಕೆ ಇದೆ. ಸಂತೆಯಿಂದ ತಂದ ಹೊಸ ಕುರೀನ ಮೂರು ವಾರ ಬೇರೆ ಕಟ್ಟಿ. ಪಶು ಆಸ್ಪತ್ರೆ ದೂರ ಇದ್ರೆ 1962ಕ್ಕೆ ಫೋನ್ ಮಾಡಿ, ಮಾಡುವಾಗ ಒಟ್ಟು ಎಷ್ಟು ಕುರಿ, ಎಷ್ಟಕ್ಕೆ ಲಕ್ಷಣ ಇದೆ, ಎಂದಿಂದ ಇದೆ, ಹೊಸದಾಗಿ ಸೇರಿದ್ದು ಯಾವುದು ಅನ್ನೋ ನಾಲ್ಕನ್ನೂ ಹೇಳಿ, ಸತ್ತಿರೋ ಕುರಿ ಇದ್ರೆ ಡಾಕ್ಟರ್ ಬರೋವರೆಗೂ ಅದ್ರ ಹತ್ರ ನಾಯಿ, ಕಾಗೆ ಬರದ ಹಾಗೆ ನೋಡ್ಕೊಳ್ಳಿ.